ಕಂಪೈಲರೇ ಕೆಟ್ಟು ನಿಂತಾಗ: ಫ್ರೀಬಿಎಸ್‌ಡಿ ಕರೆಂಟ್ ಬಳಸುವವರಿಗಾಗಿ

ಫ್ರೀಬಿಎಸ್‌ಡಿ ಎಂಬ ಯುನಿಕ್ಸ್ ವಂಶದ ಕಾರ್ಯಾಚರಣ ವ್ಯವಸ್ಥೆಯ ಅಭಿವೃದ್ಧಿ ಶಾಖೆಯಾದ ‘ಕರೆಂಟ್’ ಅನ್ನು ದಿನನಿತ್ಯದ ಯಂತ್ರದಲ್ಲಿ ನಡೆಸುವವರು ಒಂದಲ್ಲ ಒಂದು ಒಡಕಿಗೆ ಮನಸ್ಸು ಗಟ್ಟಿ ಮಾಡಿಕೊಂಡೇ ಇರುತ್ತಾರೆ. ವೈಫೈ ಚಾಲಕ ನಿಲ್ಲಬಹುದು, ಗ್ರಾಫಿಕ್ಸ್ ಮಾಡ್ಯೂಲ್ ಹೊಸ ಕರ್ನಲ್ಲಿಗೆ, ಅಂದರೆ ವ್ಯವಸ್ಥೆಯ ಒಳತಿರುಳಿಗೆ, ಹೊಂದದೆ ಹೋಗಬಹುದು, ಲೈಬ್ರರಿಯೊಂದರ ಆವೃತ್ತಿ ಬದಲಾಗಿ ನಿನ್ನೆ ಓಡುತ್ತಿದ್ದ ಪ್ರೋಗ್ರಾಂ ಇಂದು ಏಳದಿರಬಹುದು. ಇವೆಲ್ಲಕ್ಕೂ ಮದ್ದು ಒಂದೇ: ಸೋರ್ಸನ್ನು, ಅಂದರೆ ಪ್ರೋಗ್ರಾಂಗಳ ಮೂಲ ಪಠ್ಯವನ್ನು, ಮತ್ತೆ ತಂದು, ಮತ್ತೆ ಕಟ್ಟಿ, ಮತ್ತೆ ಸ್ಥಾಪಿಸುವುದು. ಆದರೆ ಕೆಟ್ಟಿರುವುದು ಆ ಕಟ್ಟುವ ಸಾಧನವೇ, ಅಂದರೆ ಸೋರ್ಸನ್ನು ಯಂತ್ರಸಂಕೇತಕ್ಕೆ ತಿರುಗಿಸುವ ಕಂಪೈಲರೇ, ಆಗಿದ್ದರೆ ಈ ಮದ್ದು ಕೈಗೆ ಸಿಗುವುದಿಲ್ಲ. ಅಷ್ಟೇ ಅಲ್ಲ, ಅದನ್ನು ಕುಡಿದಷ್ಟೂ ಕಾಯಿಲೆ ಹೆಚ್ಚಬಹುದು. ಬೇಲಿಯೇ ಎದ್ದು ಹೊಲ ಮೇಯುವ ಈ ಸ್ಥಿತಿಯ ಬಗ್ಗೆ ಕನ್ನಡದಲ್ಲಿ ಒಂದು ಕಡೆ ಬರೆದಿಡಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ.

ಫ್ರೀಬಿಎಸ್‌ಡಿಯಲ್ಲಿ ಈ ಸಮಸ್ಯೆ ಇತರ ಕಡೆಗಳಿಗಿಂತ ತೀಕ್ಷ್ಣವಾಗಿರುವುದಕ್ಕೆ ಕಾರಣವಿದೆ. ಡೆಬಿಯನ್‌ನಂಥ ಲಿನಕ್ಸ್ ವಿತರಣೆಯ ಅಸ್ಥಿರ ಶಾಖೆಯಲ್ಲಿ ಕಂಪೈಲರ್ ಎಂಬುದು ಸಾವಿರಾರು ಪ್ಯಾಕೇಜುಗಳಲ್ಲಿ ಒಂದು. ಅಲ್ಲಿನ ಸಾಮಾನ್ಯ ಕಂಪೈಲರಾದ ಜಿಸಿಸಿಯ ಎರಡು ಮೂರು ಆವೃತ್ತಿಗಳು ಅಕ್ಕಪಕ್ಕದಲ್ಲೇ ಇರಬಲ್ಲವು. ಹೊಸದು ಕೆಟ್ಟರೆ ಹಳೆಯದನ್ನು ಕರೆದರಾಯಿತು, ಅದೂ ಇಲ್ಲದಿದ್ದರೆ ಹಳೆಯ ಪ್ಯಾಕೇಜುಗಳ ದಿನವಾರು ಸಂಗ್ರಹದಿಂದ ಇಳಿಸಿಕೊಳ್ಳಬಹುದು. ಫ್ರೀಬಿಎಸ್‌ಡಿಯಲ್ಲಿ ಕರ್ನಲ್, ಸಿ ಲೈಬ್ರರಿ, ಶೆಲ್, ಕಂಪೈಲರ್ ಎಲ್ಲವೂ ಒಂದೇ ಸೋರ್ಸ್ ಮರದಲ್ಲಿದ್ದು, ಒಂದೇ ಆಜ್ಞೆಗೆ ಒಟ್ಟಾಗಿ ಕಟ್ಟಲ್ಪಡುತ್ತವೆ. ಹಿಂದೆ ಅಲ್ಲಿ ಜಿಸಿಸಿ ಇತ್ತು. 2007ರಲ್ಲಿ ಜಿಸಿಸಿ ತನ್ನ ಪರವಾನಗಿಯನ್ನು ಜಿಪಿಎಲ್ ಮೂರನೆಯ ಆವೃತ್ತಿಗೆ ಬದಲಿಸಿಕೊಂಡಾಗ, ಹಳೆಯ ಪರವಾನಗಿಯ ಕೊನೆಯ ಬಿಡುಗಡೆಯಾದ 4.2.1ರಲ್ಲಿಯೇ ಫ್ರೀಬಿಎಸ್‌ಡಿ ನಿಂತುಬಿಟ್ಟಿತು. 2010ರಲ್ಲಿ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಚೌಕಟ್ಟು ಮತ್ತು ಅದರ ಮೇಲೆ ನಿಂತ ಕ್ಲ್ಯಾಂಗ್ ಎಂಬ ಕಂಪೈಲರ್ ಮರದೊಳಗೆ ಬಂದವು, 2012ರ ಕೊನೆಗೆ ಕರೆಂಟ್‌ನ ಎಕ್ಸ್86 ಯಂತ್ರಗಳಲ್ಲಿ ಕ್ಲ್ಯಾಂಗ್ ಮುಖ್ಯ ಕಂಪೈಲರ್ ಆಯಿತು, 2014ರ 10.0 ಬಿಡುಗಡೆಯೊಡನೆ ಅದು ಸಾಮಾನ್ಯ ಬಳಕೆದಾರರನ್ನೂ ತಲುಪಿತು. 2020ರಲ್ಲಿ ಹಳೆಯ ಜಿಸಿಸಿಯನ್ನು ಮರದಿಂದ ಪೂರ್ತಿ ಕಿತ್ತುಹಾಕಲಾಯಿತು. ಹದಿಮೂರು ವರ್ಷ ಹಳೆಯದಾದ ಕಂಪೈಲರನ್ನು ಇಟ್ಟುಕೊಂಡು ಯಾರಿಗೂ ಪ್ರಯೋಜನವಿರಲಿಲ್ಲ ಎಂಬುದು ನಿಜ. ಆದರೆ ಅದರೊಡನೆ, ಮೂಲ ವ್ಯವಸ್ಥೆಯೊಳಗೇ ಇದ್ದ ಎರಡನೆಯ ಕಂಪೈಲರ್ ಎಂಬ ಆಸರೆಯೂ ಹೋಯಿತು. ಈಗ ಎಲ್ಲವೂ ಒಂದೇ ವಂಶದ್ದು: ಇಂದಿನ ಕ್ಲ್ಯಾಂಗ್ ಅನ್ನು ಕಟ್ಟಿದ್ದು ನಿನ್ನೆಯ ಕ್ಲ್ಯಾಂಗ್, ನಾಳೆಯದನ್ನು ಕಟ್ಟುವುದು ಇಂದಿನದು.

ವ್ಯವಸ್ಥೆಯನ್ನು ಸೋರ್ಸಿನಿಂದ ಕಟ್ಟುವ ‘ಬಿಲ್ಡ್‌ವರ್ಲ್ಡ್’ ಎಂಬ ಆಜ್ಞೆ ನಡೆಯುವ ಕ್ರಮವನ್ನು ಗಮನಿಸಿದರೆ ಈ ವಂಶಾವಳಿ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಈಗಾಗಲೇ ಸ್ಥಾಪಿತವಾಗಿರುವ ಕಂಪೈಲರಿನಿಂದ ಕೆಲವು ಆರಂಭಿಕ ಸಾಧನಗಳನ್ನು ಕಟ್ಟಲಾಗುತ್ತದೆ. ಮೂರನೆಯ ಹಂತದಲ್ಲಿ, ‘ಕ್ರಾಸ್ ಟೂಲ್ಸ್’ ಎಂಬ ಸಾಲು ಪರದೆಯ ಮೇಲೆ ಬಂದಾಗ, ಹಳೆಯ ಕಂಪೈಲರ್ ಹೊಸ ಕಂಪೈಲರನ್ನು ಕಟ್ಟುತ್ತದೆ. ನಾಲ್ಕನೆಯ ಹಂತದಲ್ಲಿ ಆ ಹೊಸ ಕಂಪೈಲರ್ ಲೈಬ್ರರಿಗಳನ್ನೂ ಉಳಿದೆಲ್ಲವನ್ನೂ, ತನ್ನದೇ ಮತ್ತೊಂದು ಪ್ರತಿಯನ್ನೂ ಕಟ್ಟುತ್ತದೆ. ಸ್ಥಾಪನೆಯಾಗುವುದು ಈ ಎರಡನೆಯ ಪ್ರತಿ. ಈ ಮೂರನೆಯ ಹಂತ ತುಂಬ ಸಮಯ ತಿನ್ನುವುದರಿಂದ ಒಂದು ಉಳಿತಾಯವನ್ನು ಅಳವಡಿಸಿದ್ದಾರೆ. ಯಂತ್ರದಲ್ಲಿರುವ ಕಂಪೈಲರಿನ ಆವೃತ್ತಿಯೂ ಸೋರ್ಸ್ ಮರದಲ್ಲಿರುವುದರ ಆವೃತ್ತಿಯೂ ಒಂದೇ ಆಗಿದ್ದರೆ ಆ ಹಂತವನ್ನು ಹಾರಿಸಿ, ಇರುವ ಕಂಪೈಲರಿನಿಂದಲೇ ಎಲ್ಲವನ್ನೂ ಕಟ್ಟಲಾಗುತ್ತದೆ. ಸಾಮಾನ್ಯ ದಿನಗಳಲ್ಲಿ ಇದು ವರವೇ. ಇರುವ ಕಂಪೈಲರ್ ಕೆಟ್ಟಿರುವ ದಿನ ಮಾತ್ರ, ಕೆಟ್ಟದ್ದನ್ನೇ ನಂಬಿ ಇಡೀ ವ್ಯವಸ್ಥೆಯನ್ನು ಕಟ್ಟಿಸುವ ಬಲೆ ಅದು. ‘ಸಿಸ್ಟಂ ಕಂಪೈಲರ್ ಬೇಡ’ ಎಂಬ ಆಯ್ಕೆಯನ್ನು ಕೊಟ್ಟ ಮಾತ್ರಕ್ಕೆ ತಪ್ಪಿಸಿಕೊಂಡೆವು ಎಂದು ಭಾವಿಸುವವರೂ ಇದ್ದಾರೆ. ಆಗ ಮೂರನೆಯ ಹಂತ ನಡೆಯುತ್ತದೆ ನಿಜ, ಆದರೆ ಅದನ್ನು ನಡೆಸುವುದು ಅದೇ ಕೆಟ್ಟ ಕಂಪೈಲರ್.

ಆದ್ದರಿಂದ ಪರಿಹಾರ ಈ ವಂಶದ ಹೊರಗಿನಿಂದಲೇ ಬರಬೇಕು. ನನ್ನ ಅನುಭವದಲ್ಲಿ ಜನ ಸಮಯ ಕಳೆದುಕೊಳ್ಳುವುದು ಇದನ್ನು ಒಪ್ಪಿಕೊಳ್ಳದೆ, ಕೆಟ್ಟ ಸಾಧನದಿಂದಲೇ ಒಳ್ಳೆಯ ಸಾಧನವನ್ನು ಹೇಗಾದರೂ ಹೊರಡಿಸಬಹುದೆಂದು ಆಯ್ಕೆಗಳನ್ನು ತಿರುಗಿಸುತ್ತ ಕೂರುವುದರಲ್ಲಿ.

ಹೊರಗಿನ ಸಹಾಯಕ್ಕೆ ಹೋಗುವ ಮೊದಲು, ಕೆಟ್ಟಿರುವುದು ನಿಜವಾಗಿ ಕಂಪೈಲರೇ ಎಂದು ನಿಶ್ಚಯ ಮಾಡಿಕೊಳ್ಳಬೇಕು. ಬಹುಪಾಲು ಸಲ ಅದಲ್ಲ. ಎಲ್‌ಎಲ್‌ವಿಎಂನ ಸಿ ಪ್ಲಸ್‌ಪ್ಲಸ್ ಕಡತಗಳು ಮೆಮೊರಿಯನ್ನು, ಅಂದರೆ ರ್‍ಯಾಮನ್ನು, ಧಾರಾಳವಾಗಿ ಬೇಡುತ್ತವೆ. ಎಂಟು ಕೋರ್ ಇದೆಯೆಂದು ಎಂಟು ಕೆಲಸಗಳನ್ನು ಒಟ್ಟಿಗೆ ಹಚ್ಚಿದರೆ ಎಂಟು ಜಿಬಿಯ ಯಂತ್ರ ಏದುಸಿರು ಬಿಡುತ್ತದೆ. ಆಗ ಕಂಪೈಲರ್ ‘ಕಿಲ್ಡ್’ ಎಂಬ ಒಂದೇ ಮಾತಿನೊಡನೆ ಸಾಯುತ್ತದೆ, ನೋಡಿದವರು ಕಂಪೈಲರ್ ಕೆಟ್ಟಿತೆನ್ನುತ್ತಾರೆ. ಕರ್ನಲ್ಲಿನ ಸಂದೇಶಗಳನ್ನು ತೆರೆದರೆ ಡಿಸ್ಕಿನ ಮೇಲಿನ ಸ್ವಾಪ್ ಜಾಗ ಮುಗಿಯಿತೆಂದೋ, ಮೆಮೊರಿಯನ್ನು ಮರಳಿ ಪಡೆಯಲಾಗದೆ ಆ ಪ್ರಕ್ರಿಯೆಯನ್ನು ಕೊಲ್ಲಲಾಯಿತೆಂದೋ ಬರೆದಿರುತ್ತದೆ. ಪ್ರಕ್ರಿಯೆಗೆ ವ್ಯವಸ್ಥೆ ಕಳಿಸುವ ಸಂದೇಶಗಳಲ್ಲಿ, ಅಂದರೆ ಸಿಗ್ನಲ್‌ಗಳಲ್ಲಿ, ಒಂಬತ್ತನೆಯದು ಕರ್ನಲ್ ಕೊಟ್ಟ ಶಿಕ್ಷೆ, ಹನ್ನೊಂದನೆಯದು ಪ್ರೋಗ್ರಾಂ ತಾನೇ ತಪ್ಪು ವಿಳಾಸಕ್ಕೆ ಕೈಹಾಕಿದ್ದರ ಫಲ. ಈ ಭೇದವನ್ನು ನೋಡಿದರೆ ಅರ್ಧ ವಿಚಾರಣೆ ಮುಗಿದಂತೆ.

ಹನ್ನೊಂದನೆಯ ಸಿಗ್ನಲ್ ಬಂದರೂ ಕೂಡಲೇ ಕಂಪೈಲರಿನ ಮೇಲೆ ದೂರು ಹೊರಿಸಬಾರದು. ಗಂಟೆಗಟ್ಟಲೆ ಎಲ್ಲ ಕೋರ್‌ಗಳನ್ನೂ ಇಡೀ ಮೆಮೊರಿಯನ್ನೂ ದುಡಿಸುವ ಕೆಲಸ ಮನೆಯ ಯಂತ್ರದಲ್ಲಿ ಬೇರೊಂದಿಲ್ಲ. ಹಾಗಾಗಿ ಸಡಿಲವಾದ ರ್‍ಯಾಮ್ ಪಟ್ಟಿ, ಧೂಳು ಕಟ್ಟಿದ ಫ್ಯಾನು, ಅತಿವೇಗಕ್ಕೆ ತಿರುಗಿಸಿದ ಪ್ರೊಸೆಸರ್ ಮೊದಲು ಬಯಲಾಗುವುದು ಕಂಪೈಲ್ ಮಾಡುವಾಗಲೇ. ಇದಕ್ಕೊಂದು ಸರಳ ಪರೀಕ್ಷೆಯಿದೆ. ಅದೇ ಕಡತವನ್ನು ಅದೇ ಆಜ್ಞೆಯಿಂದ ಮತ್ತೆ ಮತ್ತೆ ಕಂಪೈಲ್ ಮಾಡಿದಾಗ ಪ್ರತಿ ಸಲವೂ ಅದೇ ಜಾಗದಲ್ಲಿ ಬಿದ್ದರೆ ತಪ್ಪು ತಂತ್ರಾಂಶದ್ದು. ಒಮ್ಮೆ ಬಿದ್ದು ಒಮ್ಮೆ ದಾಟಿದರೆ, ಅಥವಾ ಪ್ರತಿ ಸಲ ಬೇರೆ ಕಡತದಲ್ಲಿ ಬಿದ್ದರೆ, ಯಂತ್ರದ ಮುಚ್ಚಳ ತೆಗೆಯುವ ಸಮಯ ಬಂದಿದೆ.

ಇನ್ನುಳಿದ ಸುಳ್ಳು ಗಾಬರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ಕಟ್ಟಡದ (ಬಿಲ್ಡ್) ಅವಶೇಷಗಳು ಆಬ್ಜೆಕ್ಟ್ ಮರದಲ್ಲಿ, ಅಂದರೆ ಕಂಪೈಲ್ ಆದ ಕಡತಗಳ ಡೈರೆಕ್ಟರಿಯಲ್ಲಿ, ಉಳಿದು ಹೊಸವುಗಳೊಡನೆ ಬೆರೆತರೆ ವಿಚಿತ್ರ ದೋಷಗಳು ಬರುತ್ತವೆ. ಆ ಮರವನ್ನು ಪೂರ್ತಿ ಅಳಿಸಿ ಮತ್ತೆ ಕಟ್ಟಬೇಕು. ಹೊಸ ಕಂಪೈಲರ್ ಹಳೆಯ ಸೋರ್ಸಿನಲ್ಲಿ ಹೊಸ ಎಚ್ಚರಿಕೆಗಳನ್ನು ಹುಡುಕಿ ತೆಗೆದು, ಎಚ್ಚರಿಕೆಯನ್ನೇ ದೋಷವೆಂದು ಎಣಿಸುವ ನಿಯಮದಿಂದಾಗಿ ಕಟ್ಟಡ ನಿಂತರೆ ಅದು ಕಂಪೈಲರಿನ ಕೆಲಸವೇ ಹೊರತು ಕಾಯಿಲೆಯಲ್ಲ. ಸೋರ್ಸ್ ಮರದ ಬುಡದಲ್ಲಿರುವ ‘ಅಪ್‌ಡೇಟಿಂಗ್’ ಎಂಬ ಕಡತವನ್ನು, ತಾರೀಖಿನ ಪ್ರಕಾರ ಹೊಸದು ಮೇಲೆ ಬರುವಂತೆ ಬರೆದಿರುವ ಆ ಟಿಪ್ಪಣಿಗಳನ್ನು, ಮೊದಲೇ ಓದಿದವರಿಗೆ ಇಂಥ ಅನೇಕ ಸಂಗತಿಗಳು ಆಶ್ಚರ್ಯವಾಗಿ ಬರುವುದಿಲ್ಲ.

ಈಗ ನಿಜವಾದ ಕೇಡಿಗೆ ಬರೋಣ. ಅದರಲ್ಲಿ ಎರಡು ಜಾತಿಗಳಿವೆ: ಕಂಪೈಲರ್ ಕೂಗಿ ಬೀಳುವುದು ಒಂದು, ಸದ್ದಿಲ್ಲದೆ ತಪ್ಪು ಯಂತ್ರಸಂಕೇತವನ್ನು ಹೊರಡಿಸುವುದು ಇನ್ನೊಂದು. ಮೊದಲನೆಯದಕ್ಕೆ ನಾನು ಕೃತಜ್ಞನಾಗಿರುತ್ತೇನೆ. ಕರೆಂಟ್‌ನಲ್ಲಿ ಕ್ಲ್ಯಾಂಗ್ ಅನ್ನು ಅದರ ಒಳಗಿನ ‘ಅಸರ್ಶನ್’ ತಪಾಸಣೆಗಳ ಸಮೇತ ಕಟ್ಟುತ್ತಾರೆ. ಸ್ಥಿರ ಶಾಖೆಗಳಲ್ಲಿ ಅವನ್ನು ತೆಗೆದಿರುತ್ತಾರೆ. ಇದರಿಂದ ಕರೆಂಟ್‌ನ ಕಂಪೈಲರ್ ನಿಧಾನವಾಗುತ್ತದೆ ಎಂದು ಗೊಣಗುವವರಿದ್ದಾರೆ. ಆದರೆ ಒಳಗಿನ ಲೆಕ್ಕ ತಪ್ಪಿದ ಕ್ಷಣವೇ ನಿಂತು ಕೂಗುವ ಕಂಪೈಲರ್, ಆ ತಪ್ಪನ್ನು ನುಂಗಿಕೊಂಡು ಮುಂದೆ ಹೋಗುವ ಕಂಪೈಲರಿಗಿಂತ ಎಷ್ಟೋ ಮೇಲು. ಕ್ಲ್ಯಾಂಗ್ ಬೀಳುವಾಗ ಒಂದು ಉಪಕಾರವನ್ನೂ ಮಾಡಿ ಬೀಳುತ್ತದೆ: ಎಲ್ಲ ಹೆಡರ್‌ಗಳನ್ನೂ ಒಳಸೇರಿಸಿ ಒಂದೇ ಆಗಿಸಿದ ಸೋರ್ಸ್ ಕಡತವನ್ನೂ, ಆ ಬೀಳುವಿಕೆಯನ್ನು ಮತ್ತೆ ನಡೆಸಿ ತೋರಿಸುವ ಪುಟ್ಟ ಶೆಲ್ ಸ್ಕ್ರಿಪ್ಟನ್ನೂ ತಾತ್ಕಾಲಿಕ ಕಡತಗಳ ಡೈರೆಕ್ಟರಿಯಲ್ಲಿ ಬಿಟ್ಟು, ಇವೆರಡನ್ನೂ ದೋಷವರದಿಗೆ ಲಗತ್ತಿಸಿ ಎಂದು ಹೇಳುತ್ತದೆ. ಯಂತ್ರವನ್ನು ಮತ್ತೆ ಚಾಲೂ ಮಾಡುವ ಮುನ್ನ ಅವನ್ನು ಬೇರೆಡೆ ತೆಗೆದಿಡಬೇಕು, ಏಕೆಂದರೆ ಆ ಡೈರೆಕ್ಟರಿಯನ್ನು ಮೆಮೊರಿಯಲ್ಲಿಟ್ಟುಕೊಂಡವರಿಗೆ ಅವು ಉಳಿಯುವುದಿಲ್ಲ.

ಯಂತ್ರವನ್ನು ದಡ ಮುಟ್ಟಿಸುವ ದಾರಿಗಳಲ್ಲಿ ಅತ್ಯಂತ ಸುಲಭದ್ದು ಬೂಟ್ ಎನ್ವಿರಾನ್‌ಮೆಂಟ್. ಜೆಡ್‌ಎಫ್‌ಎಸ್ ಎಂಬ ಕಡತವ್ಯವಸ್ಥೆ ಬಳಸುವವರು ಪ್ರತಿ ಸ್ಥಾಪನೆಗೂ ಮುನ್ನ ‘ಬಿಇಸಿಟಿಎಲ್’ ಆಜ್ಞೆಯಿಂದ ಈಗಿನ ವ್ಯವಸ್ಥೆಯ ಒಂದು ಪ್ರತಿಯನ್ನು ಮಾಡಿಟ್ಟರೆ, ಹೊಸದು ಕೆಟ್ಟಾಗ ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿ ಹಳೆಯ ಕಂಪೈಲರಿನ ಸಮೇತ ಹಿಂದಕ್ಕೆ ಹೋಗಬಹುದು. ಬದಲಾದ ತುಣುಕುಗಳಷ್ಟೇ ಹೆಚ್ಚುವರಿ ಜಾಗ ಹಿಡಿಯುವುದರಿಂದ ಎರಡು ಮೂರು ಪ್ರತಿಗಳನ್ನು ಉಳಿಸಿಕೊಳ್ಳುವುದು ಭಾರವಲ್ಲ. ಕರೆಂಟ್ ನಡೆಸುತ್ತ ಇದನ್ನು ಬಳಸದಿರುವುದಕ್ಕೆ ಈ ಕಾಲದಲ್ಲಿ ಯಾವ ನೆಪವೂ ಉಳಿದಿಲ್ಲವೆಂದೇ ನನ್ನ ಅಭಿಪ್ರಾಯ.

ಎರಡನೆಯದು, ಪ್ಯಾಕೇಜುಗಳಿಂದ ಬರುವ ಕಂಪೈಲರ್. ಎಲ್‌ಎಲ್‌ವಿಎಂನ ಹಲವು ಆವೃತ್ತಿಗಳು ಹೊರಗಿನ ತಂತ್ರಾಂಶಗಳ ಪೋರ್ಟ್ಸ್ ಸಂಗ್ರಹದಲ್ಲಿ ಬೇರೆ ಬೇರೆಯಾಗಿ ಇವೆ, ಜಿಸಿಸಿಯ ಹೊಸ ಆವೃತ್ತಿಗಳೂ ಇವೆ. ಮೂಲ ವ್ಯವಸ್ಥೆಯದಕ್ಕಿಂತ ಒಂದು ಮೆಟ್ಟಿಲು ಹಿಂದಿನ ಎಲ್‌ಎಲ್‌ವಿಎಂ ಅನ್ನು ಎಲ್ಲವೂ ಸರಿಯಿರುವಾಗಲೇ ಹಾಕಿಟ್ಟುಕೊಂಡರೆ, ಕೆಟ್ಟ ದಿನ ‘ಕ್ರಾಸ್ ಟೂಲ್‌ಚೈನ್’ ಎಂಬ ಚರಕ್ಕೆ ಅದರ ಹೆಸರನ್ನು ಕೊಟ್ಟು ಇಡೀ ವ್ಯವಸ್ಥೆಯನ್ನು ಅದರಿಂದ ಕಟ್ಟಿಸಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಆ ಚರ ನಿರ್ಧರಿಸುವುದು ಅಂತಿಮವಾಗಿ ಸ್ಥಾಪನೆಯಾಗುವ ಭಾಗಗಳನ್ನು ಯಾರು ಕಟ್ಟಬೇಕೆಂಬುದನ್ನು. ಆರಂಭಿಕ ಹಂತದ ಸಾಧನಗಳನ್ನು ಕಟ್ಟುವುದು ಆಗಲೂ ಯಂತ್ರದ ಸ್ವಂತ ಕಂಪೈಲರ್. ಹಾಗಾಗಿ ಸಿ ಮತ್ತು ಸಿ ಪ್ಲಸ್‌ಪ್ಲಸ್ ಕಂಪೈಲರುಗಳನ್ನು ಸೂಚಿಸುವ ಸಾಮಾನ್ಯ ಚರಗಳನ್ನೂ ಹೊರಗಿನ ಕಂಪೈಲರಿನತ್ತ ತಿರುಗಿಸಬೇಕು. ಇದನ್ನು ಬಿಟ್ಟರೆ ಕಟ್ಟಡ ಮುಗಿದಂತೆ ಕಂಡರೂ, ಅದನ್ನು ನಡೆಸಿದ ಸಾಧನಗಳೇ ಸಂಶಯಾಸ್ಪದವಾಗಿ ಉಳಿಯುತ್ತವೆ.

ಮೂರನೆಯದು ಹಳೆಯ ವ್ಯವಸ್ಥೆಯನ್ನು ಜೈಲಿನಲ್ಲಿ, ಅಂದರೆ ಅದೇ ಕರ್ನಲ್ಲಿನ ಮೇಲೆ ಪ್ರತ್ಯೇಕವಾಗಿ ನಡೆಯುವ ಆವರಣದಲ್ಲಿ, ಇಟ್ಟು ದುಡಿಸುವುದು. ಬಿಡುಗಡೆಯಾದ ಸ್ಥಿರ ಆವೃತ್ತಿಯ, ಅಥವಾ ಕರೆಂಟ್‌ನದೇ ಹಳೆಯ ಸ್ನ್ಯಾಪ್‌ಶಾಟಿನ, ಮೂಲ ಕಟ್ಟನ್ನು ಒಂದು ಡೈರೆಕ್ಟರಿಯಲ್ಲಿ ಬಿಚ್ಚಿ, ಅದರೊಳಗೆ ಜೈಲ್ ಆರಂಭಿಸಿ, ಹೊರಗಿನ ಸೋರ್ಸ್ ಮರವನ್ನು ಓದಲಷ್ಟೇ ಬರುವಂತೆ ಅಲ್ಲಿಗೆ ಜೋಡಿಸಿದರೆ, ಒಳಗಿನ ಹಳೆಯ ಕಂಪೈಲರಿನಿಂದ ಹೊಸ ವ್ಯವಸ್ಥೆಯನ್ನು ಕಟ್ಟಬಹುದು. ಇದು ಸಾಧ್ಯವಾಗುವುದು ಫ್ರೀಬಿಎಸ್‌ಡಿ ಉಳಿಸಿಕೊಂಡು ಬಂದಿರುವ ಒಂದು ಶಿಸ್ತಿನಿಂದ: ಹೊಸ ಕರ್ನಲ್ ಹಳೆಯ ಪ್ರೋಗ್ರಾಂಗಳನ್ನು ನಡೆಸಬಲ್ಲದು. ಹಳೆಯ ಕರ್ನಲ್ಲಿನ ಮೇಲೆ ಹೊಸ ಪ್ರೋಗ್ರಾಂಗಳು ಓಡುತ್ತವೆಂಬ ಭರವಸೆಯನ್ನು ಮಾತ್ರ ಯಾರೂ ಕೊಡುವುದಿಲ್ಲ, ಆದ್ದರಿಂದ ಮೊದಲು ಕರ್ನಲ್, ಆಮೇಲೆ ಉಳಿದದ್ದು ಎಂಬ ಸ್ಥಾಪನಾ ಕ್ರಮವನ್ನು ಈ ಗಡಿಬಿಡಿಯಲ್ಲೂ ತಪ್ಪಿಸಬಾರದು. ಸೋದರ ವ್ಯವಸ್ಥೆಯಾದ ಓಪನ್‌ಬಿಎಸ್‌ಡಿಯವರು ತಮ್ಮ ಅಭಿವೃದ್ಧಿ ಶಾಖೆಯ ಬಳಕೆದಾರರಿಗೆ ಸೋರ್ಸಿನಿಂದ ದಾಟಲು ಹೋಗದೆ ಸಿದ್ಧ ಸ್ನ್ಯಾಪ್‌ಶಾಟನ್ನೇ ಹಾಕಿಕೊಳ್ಳಿ ಎನ್ನುತ್ತಾರೆ. ನೀರಸವಾದ ಸಲಹೆ ಅದು, ಆದರೆ ಕಂಪೈಲರ್ ಕೆಟ್ಟಾಗ ಅದಕ್ಕಿಂತ ವಿವೇಕದ್ದು ಬೇರೆ ಇಲ್ಲ.

ಎರಡನೆಯ ಜಾತಿ, ಸದ್ದಿಲ್ಲದ ಕೇಡು, ಎಲ್ಲಕ್ಕಿಂತ ಕಠಿಣ. ಕಟ್ಟಡ ಯಾವ ದೂರೂ ಇಲ್ಲದೆ ಮುಗಿಯುತ್ತದೆ, ಯಂತ್ರ ಏಳುತ್ತದೆ, ಆಮೇಲೆ ಯಾವುದೋ ಪ್ರೋಗ್ರಾಂ ತಪ್ಪು ಉತ್ತರ ಕೊಡುತ್ತದೆ. 2014ರ ಜುಲೈಯಲ್ಲಿ ಲಿನಕ್ಸ್ ಕರ್ನಲ್ಲಿನವರು ಎದುರಿಸಿದ ಪ್ರಸಂಗ ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ನಿದರ್ಶನ. ಪ್ರೊಸೆಸರುಗಳ ನಡುವೆ ಕೆಲಸ ಹಂಚುವ ‘ಲೋಡ್ ಬ್ಯಾಲೆನ್ಸ್’ ಎಂಬ ಫಂಕ್ಷನ್ನಿನಲ್ಲಿ ಕರ್ನಲ್ ಆಗೊಮ್ಮೆ ಈಗೊಮ್ಮೆ ಕಾರಣವಿಲ್ಲದೆ ಕುಸಿಯುತ್ತಿತ್ತು. ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಯಂತ್ರಸಂಕೇತವನ್ನೇ ಓದುತ್ತ ಹೋಗಿ, ಆಗಷ್ಟೇ ಬಂದಿದ್ದ ಜಿಸಿಸಿ 4.9.0 ಮಾಡಿದ ಎಡವಟ್ಟನ್ನು ಕಂಡುಹಿಡಿದರು. ಫಂಕ್ಷನ್ ಆರಂಭದಲ್ಲಿ ತನಗೆ ಬೇಕಾದ ಜಾಗವನ್ನು ಸ್ಟ್ಯಾಕ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ ಕಾಯ್ದಿರಿಸಿಕೊಳ್ಳುವ ಮೊದಲೇ, ಕಂಪೈಲರ್ ಒಂದು ಬೆಲೆಯನ್ನು ಆ ಇನ್ನೂ ತನ್ನದಾಗದ ಜಾಗಕ್ಕೆ ಬರೆದಿತ್ತು. ಸಾಮಾನ್ಯ ಪ್ರೋಗ್ರಾಂಗಳಿಗೆ ಎಕ್ಸ್86-64ರ ಒಪ್ಪಂದದಂತೆ ಸ್ಟ್ಯಾಕಿನ ತುದಿಯ ಕೆಳಗೆ 128 ಬೈಟುಗಳ ‘ಕೆಂಪು ವಲಯ’ ಇರುತ್ತದೆ, ಅಲ್ಲಿ ಬರೆದದ್ದು ಸುರಕ್ಷಿತ. ಕರ್ನಲ್ಲಿನಲ್ಲಿ ಇಂಟರಪ್ಟುಗಳು, ಅಂದರೆ ಹಾರ್ಡ್‌ವೇರಿನ ತುರ್ತು ಕರೆಗಳು, ಅದೇ ಸ್ಟ್ಯಾಕಿನ ಮೇಲೆ ಬಂದು ಕೂರಬಹುದಾದ್ದರಿಂದ ಆ ವಲಯ ಬೇಡವೆಂದು ಕಂಪೈಲರಿಗೆ ಸ್ಪಷ್ಟವಾಗಿ ಹೇಳಿರುತ್ತಾರೆ. ಬರೆದದ್ದಕ್ಕೂ ಕಾಯ್ದಿರಿಸಿದ್ದಕ್ಕೂ ನಡುವಣ ಆ ಕಿರಿದಾದ ಸಂದಿಯಲ್ಲಿ ಇಂಟರಪ್ಟ್ ಬಂದರೆ ಬೆಲೆ ಅಳಿಸಿಹೋಗುತ್ತದೆ. ಬರದಿದ್ದರೆ ಏನೂ ಆಗುವುದಿಲ್ಲ. ಇನ್ನೂ ವಿಲಕ್ಷಣವಾದದ್ದೆಂದರೆ, ದೋಷ ಹುಡುಕಲು ನೆರವಾಗುವ ಡೀಬಗ್ ಮಾಹಿತಿ ಸೇರಿಸಿ ಕಂಪೈಲ್ ಮಾಡಿದಾಗ ಮಾತ್ರ ಈ ತಪ್ಪು ಕಾಣಿಸಿಕೊಳ್ಳುತ್ತಿತ್ತು. ಡೀಬಗ್ ಮಾಹಿತಿ ಯಂತ್ರಸಂಕೇತವನ್ನು ಬದಲಿಸಬಾರದು ಎಂಬುದು ಕಂಪೈಲರ್ ಬರೆಯುವವರು ತಾವೇ ಹಾಕಿಕೊಂಡ ನಿಯಮ. ಕೊನೆಗೆ, ಚರಗಳ ಜಾಡು ಹಿಡಿಯುವ ಆ ನಿರ್ದಿಷ್ಟ ಸೌಲಭ್ಯವನ್ನು ಕರ್ನಲ್ಲಿನ ಮೇಕ್‌ಫೈಲಿನಲ್ಲಿ ನಿಷ್ಕ್ರಿಯಗೊಳಿಸಿ ತಾತ್ಕಾಲಿಕ ಪರಿಹಾರ ಮಾಡಿದರು.

ಯಂತ್ರಸಂಕೇತವನ್ನು ಕಣ್ಣಿನಿಂದಲೇ ಓದಿ ಇಂಥದನ್ನು ಹಿಡಿಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ನನಗಂತೂ ಇಲ್ಲ. ಆದರೆ ಅರ್ಧಿಸುತ್ತ ಹೋಗುವ ತಾಳ್ಮೆ ಯಾರಿಗಾದರೂ ಸಾಧ್ಯ. ಮೊದಲು ಅದೇ ಸೋರ್ಸನ್ನು ಒಳ್ಳೆಯ ಕಂಪೈಲರಿನಿಂದ ಒಂದು ಡೈರೆಕ್ಟರಿಯಲ್ಲಿ, ಸಂಶಯದ್ದರಿಂದ ಇನ್ನೊಂದರಲ್ಲಿ ಕಟ್ಟಬೇಕು. ಆಮೇಲೆ ಅರ್ಧ ಆಬ್ಜೆಕ್ಟ್ ಕಡತಗಳನ್ನು ಇಲ್ಲಿಂದಲೂ ಅರ್ಧವನ್ನು ಅಲ್ಲಿಂದಲೂ ತೆಗೆದು ಲಿಂಕ್ ಮಾಡಿ, ಅಂದರೆ ಒಂದೇ ಪ್ರೋಗ್ರಾಂ ಆಗಿ ಹೊಸೆದು, ತಪ್ಪು ಯಾವ ಅರ್ಧದ ಜೊತೆ ಹೋಗುತ್ತದೆಂದು ನೋಡಬೇಕು. ಸಾವಿರ ಕಡತಗಳಿದ್ದರೂ ಹತ್ತು ಸಲ ಲಿಂಕ್ ಮಾಡುವಷ್ಟರಲ್ಲಿ ಒಂದೇ ಕಡತ ಕೈಯಲ್ಲಿರುತ್ತದೆ. ಕಂಪೈಲರಿನ ಗಿಟ್ ಇತಿಹಾಸವನ್ನೇ ಅರ್ಧಿಸುವುದಕ್ಕಿಂತ ನನಗೆ ಇದು ಹಿಡಿಸುತ್ತದೆ, ಏಕೆಂದರೆ ಅಲ್ಲಿ ಪ್ರತಿ ಹೆಜ್ಜೆಗೂ ಇಡೀ ಎಲ್‌ಎಲ್‌ವಿಎಂ ಅನ್ನು ಮತ್ತೆ ಕಟ್ಟಬೇಕಾಗುತ್ತದೆ, ಇಲ್ಲಿ ಲಿಂಕರ್ ಮಾತ್ರ ದುಡಿಯುತ್ತದೆ. ಕಡತ ಸಿಕ್ಕಿದ ಮೇಲೆ ಅದೇ ಉಪಾಯವನ್ನು ಕಂಪೈಲರಿನ ಒಳಗೇ ನಡೆಸಬಹುದು. ಎಲ್‌ಎಲ್‌ವಿಎಂನಲ್ಲಿ ‘ಆಪ್ಟ್ ಬೈಸೆಕ್ಟ್ ಲಿಮಿಟ್’ ಎಂಬ ಆಯ್ಕೆಯಿದೆ. ಅದಕ್ಕೊಂದು ಸಂಖ್ಯೆ ಕೊಟ್ಟರೆ ಸಂಕೇತವನ್ನು ಚುರುಕುಗೊಳಿಸುವ ಆಪ್ಟಿಮೈಸೇಶನ್ ಹೆಜ್ಜೆಗಳಲ್ಲಿ ಅಷ್ಟನೆಯದರವರೆಗೆ ಮಾತ್ರ ನಡೆಸಿ, ಬಿಡಬಹುದಾದ ಮುಂದಿನ ಹೆಜ್ಜೆಗಳನ್ನು ಕಂಪೈಲರ್ ಬಿಟ್ಟುಬಿಡುತ್ತದೆ. ಸಂಖ್ಯೆಯನ್ನು ಏರಿಸಿ ಇಳಿಸುತ್ತ ಹೋದರೆ, ಯಾವ ಫಂಕ್ಷನ್ನಿನ ಮೇಲೆ ನಡೆದ ಯಾವ ಹೆಜ್ಜೆಯಿಂದ ಉತ್ತರ ತಪ್ಪಿತೆಂದು ಹೆಸರು ಹಿಡಿದು ಹೇಳಬಹುದು.

ಅಷ್ಟಾದ ಮೇಲೂ, ಹಿಡಿದದ್ದು ಕಂಪೈಲರಿನ ತಪ್ಪೇ ಎಂದು ಹೇಳುವಂತಿಲ್ಲ. ಸೋರ್ಸಿನಲ್ಲಿ ಸಿ ಭಾಷೆಯ ನಿಯಮಕ್ಕೆ ಹೊರತಾದ ನಡೆ ಇದ್ದರೆ, ಹೊಸ ಆಪ್ಟಿಮೈಸೇಶನ್ ಅದನ್ನು ಬಯಲಿಗೆ ತಂದಿರುತ್ತದೆ, ಅಷ್ಟೇ. 2009ರಲ್ಲಿ ಲಿನಕ್ಸಿನ ‘ಟನ್’ ಎಂಬ ಜಾಲಚಾಲಕದಲ್ಲಿ ಮೆಮೊರಿ ವಿಳಾಸವನ್ನು ಹಿಡಿದಿರುವ ಪಾಯಿಂಟರನ್ನು ಮೊದಲು ಬಳಸಿ, ಆಮೇಲೆ ಅದು ಶೂನ್ಯವೇ ಎಂದು ಪರೀಕ್ಷಿಸುವ ಸಾಲುಗಳಿದ್ದವು. ಬಳಸಿಯಾಗಿದೆ ಎಂದರೆ ಶೂನ್ಯವಿರಲಾರದು ಎಂದು ತರ್ಕಿಸಿ ಜಿಸಿಸಿ ಆ ಪರೀಕ್ಷೆಯನ್ನೇ ಅಳಿಸಿಹಾಕಿತು. ಅಲ್ಲಿಂದ ಭದ್ರತೆಯ ದೊಡ್ಡ ಬಿರುಕೊಂದು ತೆರೆದುಕೊಂಡಿತು. ಭಾಷೆಯ ನಿಯಮದಂತೆ ಜಿಸಿಸಿ ಮಾಡಿದ್ದು ಸರಿಯೇ. ಕರ್ನಲ್ಲಿನವರು ಚಾಲಕವನ್ನು ತಿದ್ದಿದ್ದಲ್ಲದೆ, ಇಂಥ ಪರೀಕ್ಷೆಗಳನ್ನು ಅಳಿಸಬಾರದೆಂಬ ಆಯ್ಕೆಯನ್ನೂ ಅಂದಿನಿಂದ ಕೊಡತೊಡಗಿದರು. ಭಾಷೆಯ ನಿಯಮ ಏನೇ ಹೇಳಲಿ, ಕರ್ನಲ್ ಬರೆಯುವವರ ಈ ಹಟ ನನಗೆ ನ್ಯಾಯವೆಂದೇ ತೋರುತ್ತದೆ. ಆದರೆ ದೋಷವರದಿ ಬರೆಯುವ ಮುನ್ನ ಆ ಕಡತವನ್ನು ಸ್ಯಾನಿಟೈಸರುಗಳೆಂಬ, ಇಂಥ ನಿಯಮಭಂಗವನ್ನು ಓಡುವಾಗ ಹಿಡಿಯುವ ಸಾಧನಗಳ ಕೈಗೆ ಕೊಟ್ಟು ತಪಾಸಣೆ ಮಾಡಿಸದವರಿಗೆ, ‘ತಪ್ಪು ನಿಮ್ಮ ಸಂಕೇತದಲ್ಲಿದೆ’ ಎಂಬ ಒಂದು ಸಾಲಿನ ಉತ್ತರ ಕಾದಿರುತ್ತದೆ.

ವರದಿ ಚಿಕ್ಕದಾದಷ್ಟೂ ಬೇಗ ತಿದ್ದುಪಡಿ ಸಿಗುತ್ತದೆ. ಯುಟಾ ವಿಶ್ವವಿದ್ಯಾಲಯದಲ್ಲಿ ಜಾನ್ ರೆಗೆರ್ ಮತ್ತು ಸಂಗಡಿಗರು ರೂಪಿಸಿದ ‘ಸಿ-ರೆಡ್ಯೂಸ್’ ಎಂಬ ಸಾಧನಕ್ಕೆ ಹತ್ತಾರು ಸಾವಿರ ಸಾಲಿನ ಕಡತವನ್ನೂ, ‘ದೋಷ ಇನ್ನೂ ಇದೆಯೇ’ ಎಂದು ಪರೀಕ್ಷಿಸುವ ಒಂದು ಸ್ಕ್ರಿಪ್ಟನ್ನೂ ಕೊಟ್ಟು ರಾತ್ರಿ ಬಿಟ್ಟರೆ, ಬೆಳಗ್ಗೆ ಹತ್ತಿಪ್ಪತ್ತು ಸಾಲು ಉಳಿದಿರುವುದು ಅಪರೂಪವಲ್ಲ. ಸ್ಕ್ರಿಪ್ಟಿನಲ್ಲಿ ಬಿಗಿ ಇರಬೇಕು: ಒಳ್ಳೆಯ ಕಂಪೈಲರಿನಿಂದ ಸರಿ ಉತ್ತರ, ಕೆಟ್ಟದ್ದರಿಂದ ತಪ್ಪು ಉತ್ತರ, ಸ್ಯಾನಿಟೈಸರಿನಿಂದ ಯಾವ ದೂರೂ ಇಲ್ಲ ಎಂಬ ಮೂರನ್ನೂ ಅದು ಕೇಳಬೇಕು. ಮೂರನೆಯದನ್ನು ಬಿಟ್ಟರೆ ಸಾಧನ ತನ್ನ ಚುರುಕುತನದಿಂದ ಸಂಕೇತವನ್ನು ನಿಯಮಬಾಹಿರ ಮಾಡಿ, ಬೇರೆಯೇ ಒಂದು ‘ದೋಷ’ವನ್ನು ಕೈಗಿಡುತ್ತದೆ. ಕ್ಲ್ಯಾಂಗ್‌ನ ಮೂಲ ದೋಷವಾದರೆ ವರದಿ ಎಲ್‌ಎಲ್‌ವಿಎಂನವರಿಗೆ ಹೋಗಬೇಕು. ಆದರೂ ಫ್ರೀಬಿಎಸ್‌ಡಿಯ ದೋಷವರದಿ ತಾಣವಾದ ಬಗ್‌ಜಿಲ್ಲಾದಲ್ಲೂ ಒಂದು ಟಿಪ್ಪಣಿ ಇಟ್ಟು ಎರಡನ್ನೂ ಜೋಡಿಸುವುದು ಒಳ್ಳೆಯದು; ಎಲ್‌ಎಲ್‌ವಿಎಂನ ತಿದ್ದುಪಡಿಯನ್ನು ಆರಿಸಿ ತಂದು ಮರಕ್ಕೆ ಸೇರಿಸುವವರು ನೋಡುವುದು ಅಲ್ಲಿ.

ತಿದ್ದುಪಡಿ ಬಂದ ಮೇಲಿನ ಕೆಲಸವನ್ನು ಹಲವರು ಅರ್ಧಕ್ಕೇ ಬಿಡುತ್ತಾರೆ. ಕಂಪೈಲರ್ ಸರಿಹೋದ ಮಾತ್ರಕ್ಕೆ, ಅದು ಕೆಟ್ಟಿದ್ದಾಗ ಹೊರಡಿಸಿದ ಬೈನರಿಗಳು ಸರಿಹೋಗುವುದಿಲ್ಲ. ಕೇಡು ಸದ್ದಿಲ್ಲದ ಜಾತಿಯದಾಗಿದ್ದರೆ, ಆ ಅವಧಿಯಲ್ಲಿ ಕಟ್ಟಿದ ಪ್ರತಿಯೊಂದನ್ನೂ ಸಂಶಯದಿಂದಲೇ ನೋಡಬೇಕು. ನಾನು ಆಬ್ಜೆಕ್ಟ್ ಮರವನ್ನು ಅಳಿಸಿ, ತಿದ್ದಿದ ಸೋರ್ಸನ್ನು ಹೊರಗಿನ ಕಂಪೈಲರಿನಿಂದ ಕಟ್ಟಿ ಸ್ಥಾಪಿಸುತ್ತೇನೆ. ಆಮೇಲೆ ಹೊಸದಾಗಿ ಬಂದ ಮೂಲ ಕಂಪೈಲರಿನಿಂದಲೇ ಇನ್ನೊಂದು ಸಲ ಪೂರ್ತಿ ಕಟ್ಟುತ್ತೇನೆ. ಜಿಸಿಸಿಯವರು ತಮ್ಮ ಕಂಪೈಲರನ್ನು ಮೂರು ಹಂತದಲ್ಲಿ ಕಟ್ಟಿ, ಎರಡನೆಯ ಮತ್ತು ಮೂರನೆಯ ಹಂತದ ಆಬ್ಜೆಕ್ಟ್ ಕಡತಗಳು ಒಂದೇ ಆಗಿವೆಯೇ ಎಂದು ಹೋಲಿಸುವ ಪದ್ಧತಿಯ ಒರಟು ರೂಪ ಇದು. ಪೂದ್ರಿಯೇರ್ ಬಳಸಿ ಮನೆಯಲ್ಲೇ ಪ್ಯಾಕೇಜುಗಳನ್ನು ಕಟ್ಟುವವರು ಅದರ ಜೈಲನ್ನೂ ಹೊಸದಾಗಿ ಮಾಡಿ, ಸಂಶಯದ ಅವಧಿಯ ಪ್ಯಾಕೇಜುಗಳನ್ನು ತಾರೀಖು ನೋಡಿ ಎಸೆಯಬೇಕು. ಆವೃತ್ತಿ ಸಂಖ್ಯೆ ಬದಲಾಗಿಲ್ಲದ ಕಾರಣ ಪ್ಯಾಕೇಜು ವ್ಯವಸ್ಥೆ ತಾನಾಗಿ ಅವನ್ನು ಗುರುತಿಸಲಾರದು. ಒಳ್ಳೆಯ ಕಂಪೈಲರ್ ಇದ್ದ ಆ ಹಳೆಯ ಬೂಟ್ ಎನ್ವಿರಾನ್‌ಮೆಂಟನ್ನು ನಾನು ಇವೆಲ್ಲ ಮುಗಿದ ಮೇಲಷ್ಟೇ ಅಳಿಸುತ್ತೇನೆ, ಅದೂ ಮುಂದಿನ ಎಲ್‌ಎಲ್‌ವಿಎಂ ಆವೃತ್ತಿ ಮರಕ್ಕೆ ಬರುವ ಸುದ್ದಿ ಇಲ್ಲದಿದ್ದರೆ.